ಸ್ಪ್ರಿಂಗ್ ಇಳಿಸಿದ್ದೀರಾ?

ಜನವರಿ 9

ಮುಳ್ಳಪ್ಪಣ್ಣನಿಗೆ ಟೀಚರಮ್ಮನ ನಮಸ್ಕಾರ.

ಗುಂಪಿನ ಮಾತು ಗುಂಪಿನಲ್ಲಿ, ಜಗಳ ಪತ್ರದಲ್ಲಿ ಎಂಬುದು ನೀವೇ ಮಾಡಿದ ಕಟ್ಟಳೆ. ಅದಕ್ಕೇ ಈ ಮಿಂಚಂಚೆ. ಜಗಳಕ್ಕೇ ಬಂದಿದ್ದೇನೆ. ಒಂದು ಲೋಟ ನೀರು ಕುಡಿದು, ಕೂತು ಓದಿ.

ನಮ್ಮ ಕೀಲಿ ಬಳಗ ಸಾಯುತ್ತಿದೆ. ಹಳೆಯ ಗೋಡೆ ಗಡಿಯಾರ ಬಿಚ್ಚಿ ಸರಿಮಾಡುವ ಹುಚ್ಚು ಇರುವವರೇ ಇಷ್ಟು ಜನ ಎಂದು ನೀವು ಹೇಳುತ್ತೀರಿ. ಸುಳ್ಳು. ಸದಸ್ಯರು ಇನ್ನೂರಕ್ಕಿಂತ ಹೆಚ್ಚಿದ್ದಾರೆ. ಮಾತಾಡುವವರು ನೀವು, ನಾನು, ಇನ್ನು ನಾಲ್ಕು ಜನ. ಉಳಿದವರೆಲ್ಲ ಬಾಗಿಲ ಸಂದಿಯಿಂದ ಇಣುಕಿ ನೋಡುವವರು. ಯಾಕೆ ಒಳಗೆ ಬರುವುದಿಲ್ಲ ಎಂದು ಒಂದು ದಿನವಾದರೂ ಯೋಚಿಸಿದ್ದೀರಾ?

ಕಳೆದ ವಾರ ಒಬ್ಬ ಹೆಂಗಸು ತಾತನ ಕಾಲದ ಗಡಿಯಾರದ ಫೋಟೊ ಹಾಕಿ, 'ಎಲ್ಲರಿಗೂ ನಮಸ್ಕಾರ, ನಾನು ಹೊಸಬಳು' ಎಂದು ಬರೆದಿದ್ದರು. ಮೊದಲ ಉತ್ತರ ನಿಮ್ಮದು: 'ಸ್ಪ್ರಿಂಗ್ ಇಳಿಸಿದ್ದೀರಾ?' ಎರಡನೆಯದು ಇನ್ನೊಬ್ಬ ಹಿರಿಯರದು: 'ಇಳಿಸಿದ್ದೀರಾ?' ಮೂರನೆಯದು ನನ್ನದೇ, ಅದೇ ಪ್ರಶ್ನೆ. ನಮಸ್ಕಾರಕ್ಕೆ ಪ್ರತಿಯಾಗಿ ನಮಸ್ಕಾರ ಹೇಳುವಷ್ಟು ಸೌಜನ್ಯ ಒಬ್ಬರಿಗೂ ಇರಲಿಲ್ಲ. ಪೊಲೀಸ್ ಠಾಣೆಗೆ ಬಂದೆನೇನೋ ಅನ್ನಿಸಿರಬೇಕು ಪಾಪ. ಆ ಹೆಂಗಸು ಗಡಿಯಾರ ಸಮೇತ ಮಾಯವಾದರು.

ನಾನು ಶಿಶುವಿಹಾರದಲ್ಲಿ ಪಾಠ ಹೇಳುವವಳು. ಬಾಯಿ ಬಿಡದ ಮಗುವಿನ ಬಾಯಿ ಬಿಡಿಸುವುದೇ ನನ್ನ ಕೆಲಸ. ಮಗು ಕಾಗೆ ಬರೆದು ಆನೆ ಎಂದರೂ ಮೊದಲು ಚಪ್ಪಾಳೆ ತಟ್ಟುತ್ತೇನೆ. ಸೊಂಡಿಲಿನ ಮಾತು ಆಮೇಲೆ. ಬಳಗದಲ್ಲೂ ಅದನ್ನೇ ಮಾಡೋಣ ಅಂತ.

ಇನ್ನೊಂದು ವಿಷಯ. ಹೇಳಬಾರದು ಅಂದುಕೊಂಡಿದ್ದೆ, ಆದರೆ ನಿಮಗಲ್ಲದೆ ಯಾರಿಗೆ ಹೇಳಲಿ. ನನ್ನ ತಮ್ಮ ನನ್ನ ಜೊತೆಯಲ್ಲೇ ಇರುವುದು ನಿಮಗೆ ಗೊತ್ತು. ಉಡುಪಿನ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ. ಬಟ್ಟೆಯ ಮೇಲೆ ಕೈಯಾಡಿಸಿದರೆ ಸಾಕು, ಎಲ್ಲಿ ಕತ್ತರಿ ಇಡಬೇಕು ಎಂದು ಅವನ ಬೆರಳಿಗೇ ತಿಳಿಯುತ್ತಿತ್ತು. ಕಾರ್ಖಾನೆ ಮುಚ್ಚಿದ ದಿನದಿಂದ ಮನೆ ಬಿಟ್ಟು ಹೊರಗೆ ಹೋಗಿಲ್ಲ. ಮಾತೂ ಇಲ್ಲ. ಕರೆದರೆ ತಲೆ ಎತ್ತುತ್ತಾನೆ, ಅಷ್ಟೇ. ಆದರೆ ನಮ್ಮ ಬಳಗವನ್ನು ಓದುತ್ತಾನೆ ಅಣ್ಣಾ. ನಾನು ಶಾಲೆಗೆ ಹೋದ ಮೇಲೆ ನನ್ನ ಲ್ಯಾಪ್‌ಟಾಪ್ ತೆಗೆದು ಹಳೆಯದನ್ನೆಲ್ಲ, ವರ್ಷಗಟ್ಟಲೆಯದನ್ನು, ಓದಿದ್ದಾನೆ. ಗುಜರಿ ಅಂಗಡಿಯವನಿಗೆ ಸಂದೇಶ ಕಳಿಸಿ ಒಂದು ಗಡಿಯಾರ ತರಿಸಿಕೊಂಡಿದ್ದಾನೆ. ಮೇಜಿನ ಮೇಲಿಟ್ಟು ನೋಡುತ್ತ ಕೂತಿರುತ್ತಾನೆ.

ಅವನು ಅಲ್ಲಿ ಒಂದು ಸಾಲು ಬರೆದರೆ ನನಗೆ ಅಷ್ಟೇ ಸಾಕು. ಬರೆದ ಸಾಲಿಗೆ ಯಾರೂ ಗದರಬಾರದು. ಯಾವ ಹೆಸರಿನಲ್ಲಿ ಬರುತ್ತಾನೋ ನಿಮಗೆ ಹೇಳುವುದಿಲ್ಲ, ನೀವು ಹುಡುಕಲೂಬಾರದು. ಕನಿಕರದ ವಾಸನೆ ಬಂದರೆ ಎದ್ದು ಹೋಗುತ್ತಾನೆ. ಎಲ್ಲರ ಹಾಗೆ ನೋಡಿಕೊಳ್ಳಿ.

ಒಪ್ಪಿಗೆ ಕೊಡಿ.

ನಿಮ್ಮ ತಂಗಿ,
ಟೀಚರಮ್ಮ

ಜನವರಿ 15

ತಂಗೀ,

ನೀರು ಕುಡಿದೇ ಓದಿದೆ. ಸಾಲಲಿಲ್ಲ, ಇನ್ನೊಂದು ಲೋಟ ಕುಡಿದೆ.

ಮೊದಲು ತಮ್ಮನ ವಿಷಯ. ಓದಿ ಸಂಕಟವಾಯಿತು. ಕೈಕೆಲಸದವನನ್ನು ಕೈ ಕಟ್ಟಿ ಕೂರಿಸಿದರೆ ಬಾಯಿಯೂ ಕಟ್ಟಿಹೋಗುತ್ತದೆ. ಬರಲಿ. ಹುಡುಕುವುದಿಲ್ಲ, ಮಾತು ಕೊಟ್ಟಿದ್ದೇನೆ.

ಇನ್ನು ನಿನ್ನ ಚಪ್ಪಾಳೆ. ತಟ್ಟು, ಬೇಡ ಅನ್ನುವವನು ನಾನ್ಯಾರು? ಭಾನುವಾರದ ಹರಟೆ ಇಡು, ತಿಂಗಳ ಗಡಿಯಾರ ಅಂತ ಆರಿಸು, ಹೊಸಬರ ಹಣೆಗೆ ನಕ್ಷತ್ರ ಅಂಟಿಸು. ನನ್ನಂಥ ಗೊಡ್ಡು ಮುದುಕರಿಗೂ ಒಂದೊಂದು ಅಂಟಿಸಿದರೆ ಸಂತೋಷವೇ. ಆ ಪ್ರಶ್ನೆಯನ್ನು ಮಾತ್ರ ಮುಟ್ಟಬೇಡ.

ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಸಿಟ್ಟಾಗಬೇಡ. ಪೂರ್ತಿ ಕೀಲಿ ಕೊಟ್ಟ ಸ್ಪ್ರಿಂಗ್ ಮುಷ್ಟಿ ಬಿಗಿದುಕೊಂಡು ಕೂತಿರುತ್ತದೆ. ಅದನ್ನು ಬಿಗಿದು ಹಿಡಿದಿರುವುದು ಒಂದು ಸಣ್ಣ ತಡೆ, ಎರಡು ಹಿತ್ತಾಳೆ ತಗಡು, ನಾಲ್ಕು ತಿರುಪು. ತಡೆಯನ್ನು ಎತ್ತಿ, ಕೀಲಿಯನ್ನು ಗಟ್ಟಿಯಾಗಿ ಹಿಡಿದು, ಬಿಗಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸದೆ ತಿರುಪು ಬಿಚ್ಚಿದರೆ ಅಷ್ಟೂ ಬಲ ಒಂದೇ ಏಟಿಗೆ ಕೈಮೇಲೆ ಬರುತ್ತದೆ. ನನ್ನ ಮೊದಲ ಗಡಿಯಾರದ ಚಕ್ರ ಹಾರಿ ಎದುರು ಗೋಡೆಯ ಕನ್ನಡಿ ಒಡೆದಿತ್ತು. ಕನ್ನಡಿಯ ಜಾಗದಲ್ಲಿ ನನ್ನ ಮುಖ ಇರಲಿಲ್ಲ ಅನ್ನುವುದೊಂದೇ ಪುಣ್ಯ. ಅವತ್ತಿನಿಂದ ಯಾರು ಫೋಟೊ ಹಾಕಿದರೂ ಮೊದಲು ಅದನ್ನೇ ಕೇಳುತ್ತೇನೆ. ಇಷ್ಟು ವರ್ಷ ನಮ್ಮ ಬಳಗದಲ್ಲಿ ಒಬ್ಬರ ಉಗುರೂ ಮುರಿದಿಲ್ಲ.

ನನ್ನ ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಡುವ ಮೊದಲು 'ಯಾವುದಾದ್ರೂ ಮಾತ್ರೆ ಆಗಿಬರಲ್ವಾ ನಿಮಗೆ?' ಎಂದು ಕೇಳುತ್ತೇನೆ. ಅವಮಾನವಾಯಿತು ಎಂದು ಯಾವ ಗಿರಾಕಿಯೂ ಎದ್ದು ಹೋಗಿಲ್ಲ. ನಮಸ್ಕಾರ ಹೇಳಲಿಲ್ಲ ಎಂಬುದು ನಿಜ. ಇನ್ನು ಮೇಲೆ ಹೇಳುತ್ತೇನೆ. 'ನಮಸ್ಕಾರ, ಇಳಿಸಿದ್ದೀರಾ?' ಆಯಿತಾ?

ಮುಳ್ಳಪ್ಪಣ್ಣ

ಫೆಬ್ರವರಿ 20

ಅಣ್ಣಾ,

ಬಳಗ ನೋಡಿದ್ರಾ? ಜಾತ್ರೆ! ಎರಡು ಕಡೆ ಸುದ್ದಿ ಹಾಕಿದ್ದಕ್ಕೆ ಜನ ಮೂರು ಪಟ್ಟಾಗಿದ್ದಾರೆ. ಬಾಗಿಲ ಸಂದಿಯವರೂ ಒಳಗೆ ಬಂದಿದ್ದಾರೆ. 'ಅರ್ಧಗಂಟೆ' ಅಂತ ಒಬ್ಬರು ಇಷ್ಟು ಕಾಲ ಬರೀ ಓದುತ್ತಿದ್ದರಂತೆ, ಮೊನ್ನೆ ಮೊದಲ ಸಲ ಬಾಯಿಬಿಟ್ಟು 'ಧನ್ಯವಾದ' ಎಂದರು. 'ಹುಂಜ' ಅಂತ ಇನ್ನೊಬ್ಬ ಬಂದಿದ್ದಾನೆ, ಬೆಳಗಾದರೆ ಕೂಗು. ಒಟ್ಟಿನಲ್ಲಿ ಮನೆ ತುಂಬಿದೆ.

ನಿಮಗೆ ಸಿಟ್ಟು ಬಂದಿದೆ ಎಂದು ಗೊತ್ತು. ಹೊಸಬರ ಮೊದಲ ಮೂರು ತಿಂಗಳು ಯಾರೂ ತಪ್ಪು ಹುಡುಕಬಾರದು, ಪಾಟೀಸವಾಲು ಹಾಕಬಾರದು, ಒಳ್ಳೆಯ ಮಾತು ಮಾತ್ರ ಎಂದು ನಿಯಮ ಮಾಡಿದೆ. ಸ್ಪ್ರಿಂಗ್ ಮಾತನ್ನು 'ಮೊದಲು ಇದನ್ನು ಓದಿ' ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಆದರೂ ನೀವು ಒಬ್ಬ ಹುಡುಗಿಗೆ ಅದೇ ಪ್ರಶ್ನೆ ಕೇಳಿದಿರಿ, ಆಕೆ ಅಳುವ ಮುಖ ಹಾಕಿದಳು, ನಾನು ನಿಮ್ಮ ಮಾತನ್ನು ಅಳಿಸಿ, ಎಲ್ಲರಿಗೂ ಕಾಣುವ ಹಾಗೆ 'ಹಿರಿಯರು ದಯವಿಟ್ಟು ಸಂಯಮ ಪಾಲಿಸಬೇಕು' ಎಂದು ಬರೆಯಬೇಕಾಯಿತು. ನಿಮಗೊಂದು ನಿಯಮ, ಉಳಿದವರಿಗೊಂದು ನಿಯಮ ಅಂತ ಮಾಡಲಾಗುತ್ತದೆಯೇ? ಹೊಟ್ಟೆಗೆ ಹಾಕಿಕೊಳ್ಳಿ.

ತಮ್ಮ ಸೇರಿದ್ದಾನೆ! ಬರೆಯುತ್ತಿದ್ದಾನೆ! ನಿನ್ನೆ ಊಟಕ್ಕೆ ಕೂತಾಗ ತಾನಾಗಿಯೇ "ಅಕ್ಕಾ, ಉಪ್ಪು ಕೊಡು" ಅಂದ. ನಾನು ಉಪ್ಪಿನ ಡಬ್ಬಿ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. "ಏನಕ್ಕಾ, ಉಪ್ಪಿಗೂ ಇಷ್ಟು ಯೋಚನೆ ಮಾಡ್ತೀಯಾ?" ಎಂದು ನಕ್ಕ. ಎಷ್ಟು ಕಾಲವಾಗಿತ್ತೋ ಅವನು ನಕ್ಕು.

ನಿಮ್ಮ ತಂಗಿ

ಫೆಬ್ರವರಿ 24

ಮಾನ್ಯ ನಿರ್ವಾಹಕರೇ,

ತಮ್ಮ ಪತ್ರ ತಲುಪಿತು.

ಈ ಬಳಗವನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ, ಔಷಧಿಯ ರಟ್ಟಿನ ಡಬ್ಬಗಳ ಮೇಲೆ ಕೂತು, ಒಂದೊಂದೇ ಜನರನ್ನು ಕಾಡಿ ಬೇಡಿ ಸೇರಿಸಿ ಕಟ್ಟಿದವನು ನಾನು. ತಾವು ಬಂದದ್ದು ಆಮೇಲೆ. ತಮಗೆ ಬೀಗದ ಕೈ ಕೊಟ್ಟದ್ದೂ ನಾನೇ. ನನ್ನ ಮಾತನ್ನು ಗೋಡೆಯ ಮೇಲಿನ ಗೀಚಿನ ಹಾಗೆ ಒರೆಸಿ, ನಿನ್ನೆ ಮೊನ್ನೆ ಬಂದವರ ಮುಂದೆ ನನಗೆ ಸಂಯಮ ಕಲಿಸಿದಿರಿ. ಕೆಳಗೆ ಎಂಬತ್ತು ಜನ ಹೃದಯ ಒತ್ತಿದ್ದಾರೆ. ನೋಡಿದೆ.

ಇನ್ನು ಮುಂದೆ ನಿಯಮದಲ್ಲಿ ಏನಿದೆಯೋ ಅಷ್ಟೇ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಒಳ್ಳೆಯ ಮಾತು ಬೇಕು ಅಂದಿರಿ. ಸಿಗುತ್ತದೆ.

ತಮ್ಮ ಸೋದರ ಮಾತಾಡಿದ್ದು ಕೇಳಿ ಸಂತೋಷವಾಯಿತು. ಅದು ಮನಸ್ಸಿನಿಂದ ಹೇಳಿದ ಮಾತು.

ಇಂತಿ,
ಬಳಗದ ಒಬ್ಬ ಸದಸ್ಯ

ಮಾರ್ಚ್ 18

ಅಣ್ಣಾ,

ನಿಮ್ಮ ಆ ಪತ್ರಕ್ಕೆ ಉತ್ತರ ಬರೆಯಲು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಬಳಗದಲ್ಲಿ ನಿಮ್ಮನ್ನು ನೋಡುತ್ತ ಬಂದೆ. ಯಾರು ಏನು ಹಾಕಿದರೂ 'ಬಹಳ ಸೊಗಸಾಗಿದೆ' ಎನ್ನುತ್ತೀರಿ. ಮೊದಲು ನಂಬಲಿಲ್ಲ. ಆಮೇಲೆ ಅಂದುಕೊಂಡೆ, ಮನುಷ್ಯ ಕರಗಿದ. ಹೊಸಬರು ನಿಮ್ಮನ್ನು ತಲೆಯ ಮೇಲೆ ಹೊತ್ತುಕೊಂಡಿದ್ದಾರೆ. 'ಮುಳ್ಳಪ್ಪನವರು ಸೊಗಸಾಗಿದೆ ಅಂದ್ರು' ಅಂತ ಒಬ್ಬ ಅದರ ಚಿತ್ರ ತೆಗೆದು ಗೋಡೆಗೆ ಅಂಟಿಸಿಕೊಂಡಿದ್ದಾನೆ. ನಿಮ್ಮ ದೊಡ್ಡ ಮನಸ್ಸಿಗೆ ಏನು ಹೇಳಲಿ. ಅವತ್ತು ಎಲ್ಲರೆದುರು ಹಾಗೆ ಬರೆದದ್ದು ನನ್ನ ತಪ್ಪು.

ಇಲ್ಲಿ ಒಂದು ಸಿಹಿ ಸುದ್ದಿ. ಮೂರು ರಸ್ತೆ ಆಚೆ ಒಂದು ದೊಡ್ಡ ಟೈಲರ್ ಅಂಗಡಿ ಇದೆ. ಅದರ ಯಜಮಾನರು ತಮ್ಮನನ್ನು ಬಲ್ಲವರು. ಹಿಂದೆ ಎರಡು ಸಲ ಕರೆದಾಗ ಇವನು ಕೋಣೆಯಿಂದ ಹೊರಗೇ ಬರಲಿಲ್ಲ. ಹೋದ ವಾರ ಇವನೇ ಹೊರಟ. ಅಂಗಿ ಇಸ್ತ್ರಿ ಮಾಡಿಕೊಂಡು, ಹಳೆಯ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು. ಬಂದವನು, "ಮುಂದಿನ ತಿಂಗಳಿಂದ ಬಾ ಅಂದ್ರು" ಎಂದ. "ಕೈ ಮರೆತಿಲ್ಲ ತಾನೇ?" ಅಂತ ಕೇಳಿದೆ. "ಗಡಿಯಾರ ನೆನಪು ಮಾಡಿಕೊಡ್ತಲ್ಲಕ್ಕಾ," ಅಂದ. ಕತ್ತರಿಗೆ ಸಾಣೆ ಹಿಡಿಸಿದ್ದಾನೆ. ಇದು ನನ್ನ ಬಳಗ ಮಾಡಿದ್ದು, ನಿಮ್ಮ ಬಳಗ ಮಾಡಿದ್ದು.

ನಿಮ್ಮ ತಂಗಿ

ಮಾರ್ಚ್ 24, ಬೆಳಿಗ್ಗೆ

ಟೀಚರಮ್ಮನವರಿಗೆ,

ಕರಗುವುದಕ್ಕೆ ನಾನೇನು ಬೆಣ್ಣೆಯಲ್ಲ. 'ಬಹಳ ಸೊಗಸಾಗಿದೆ' ಎಂಬ ಎರಡು ಪದವನ್ನು ಒಂದು ಕಡೆ ಬರೆದಿಟ್ಟುಕೊಂಡಿದ್ದೇನೆ. ಫೋಟೊ ಬಂದಾಗ ಅಲ್ಲಿಂದ ತೆಗೆದು ಇಲ್ಲಿ ಅಂಟಿಸುತ್ತೇನೆ. ನೋಡುವ ಕಷ್ಟವೂ ಇಲ್ಲ. ನಿಮ್ಮ ನಿಯಮದ ಸುಖ ಈಗ ತಿಳಿಯುತ್ತಿದೆ.

ತಮ್ಮನಿಗೆ ಕೆಲಸ ಸಿಕ್ಕಿದ್ದಕ್ಕೆ ನಿಜವಾಗಿ ಹಿಗ್ಗಿದೆ. ಒಂದು ಮಾತು ಹೇಳಿಬಿಡುತ್ತೇನೆ, ಬೈಯಬೇಡಿ. ಹುಡುಕುವುದಿಲ್ಲ ಎಂದಿದ್ದೆ, ಕಣ್ಣಿಗೆ ತಾನಾಗಿ ಬಿದ್ದರೆ ಏನು ಮಾಡಲಿ? ಆ 'ಅರ್ಧಗಂಟೆ'ಯೇ ನಿಮ್ಮ ತಮ್ಮ. ಅಷ್ಟು ಮೌನ, ಒಂದೊಂದೇ ಪದ, ಎಲ್ಲದಕ್ಕೂ ಧನ್ಯವಾದ. ನನಗೆ ಮೊದಲ ದಿನವೇ ಗೊತ್ತಾಯಿತು. ನಿಮ್ಮ ನಿಯಮ ಗುಂಪಿಗೆ ಮಾತ್ರ ತಾನೇ? ಅವನಿಗೆ ಬೇರೆಯಾಗಿ ಬರೆದು, ಸ್ಪ್ರಿಂಗ್ ಇಳಿಸುವುದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳಿಕೊಟ್ಟೆ. ಮಾಡಿ ಫೋಟೊ ಕಳಿಸಿದ. ಅಚ್ಚುಕಟ್ಟು. ನಿಮ್ಮ ಮನೆಯವನು ಕ್ಷೇಮ, ಆ ಚಿಂತೆ ನಿಮಗೆ ಬೇಡ.

ಉಳಿದವರ ಕ್ಷೇಮ ನಿಮ್ಮ ಚಪ್ಪಾಳೆಗೆ ಬಿಟ್ಟದ್ದು. ನಿನ್ನೆ ಸಂಜೆ ಆ ಹುಂಜ ಒಂದು ಫೋಟೊ ಹಾಕಿದ್ದಾನೆ, ನೋಡಿರುತ್ತೀರಿ. ಗಡಿಯಾರದ ಯಂತ್ರ ಮೇಜಿನ ಮೇಲಿದೆ. 'ನಾಳೆ ಇದರ ಹೊಟ್ಟೆ ಬಗೆಯುತ್ತೇನೆ, ಹಿರಿಯರು ಹರಸಿ' ಅಂತೆ. ಸ್ಪ್ರಿಂಗಿನ ಸುರುಳಿ ನಡುಗಂಬಕ್ಕೆ ಬಿಗಿದು ಅಂಟಿಕೊಂಡಿದೆ. ಪೂರ್ತಿ ಕೀಲಿ. ನಿಮ್ಮ ಶಿಶುವಿಹಾರದ ಮಕ್ಕಳಿಗೂ ಕಾಣಬೇಕು. ಆದರೆ ಕೇಳುವ ಹಾಗಿಲ್ಲವಲ್ಲ! 'ಬಹಳ ಸೊಗಸಾಗಿದೆ' ಎಂದು ಹರಸಿದೆ. ಒಂದು ಚಕ್ರ ಹಾರಿ ಮೂಗಿನ ಮುಂದೆ ಹೋದರೆ ಕೂಗು ತಾನಾಗಿ ನಿಲ್ಲುತ್ತದೆ. ಆಗಲಾದರೂ ನೀವು ಬಂದು 'ಅಣ್ಣಾ, ಆ ಪ್ರಶ್ನೆ ವಾಪಸ್ ತನ್ನಿ' ಎನ್ನುತ್ತೀರಿ.

ಮುಳ್ಳಪ್ಪ

ಮಾರ್ಚ್ 24

ಹುಂಜ ನನ್ನ ತಮ್ಮ.

ನಿಮ್ಮ ಪತ್ರವನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಓದಿದೆ. ಒಳಗೆ ಅವನ ಬಲಗೈ ಹೊಲಿಯುತ್ತಿದ್ದಾರೆ.

ಮಾರ್ಚ್ 24

ತಂಗೀ, ಈಗ ತಾನೇ ನೋಡಿದೆ. ಎಷ್ಟು ಪೆಟ್ಟಾಗಿದೆ? ಬೆರಳೇ? ಅಂಗೈಯೇ? ಡಾಕ್ಟರು ಏನೆಂದರು? ಯಾವ ಔಷಧಿ ಬರೆದಿದ್ದಾರೆ ಎಂದು ಒಂದು ಸಾಲು ಬರೆ, ಅಷ್ಟರಿಂದಲೇ ನನಗೆ ತಿಳಿಯುತ್ತದೆ. ಅವನು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಿಡುತ್ತಿದ್ದೆನೇ?

ಮಾರ್ಚ್ 29

ತಂಗೀ, ಉತ್ತರ ಬರಲಿಲ್ಲ. ಫೋನ್ ಮಾಡಿದೆ, ನೀನು ಎತ್ತಲಿಲ್ಲ.

ನನ್ನ ಮೇಲೆ ಸಿಟ್ಟು ಇರುವುದು ಸರಿ. ಆದರೆ ನೀನೂ ಯೋಚಿಸು. ಯಾವ ಹೆಸರು ಎಂದು ಹೇಳಿದ್ದರೆ ಇದು ಆಗುತ್ತಿತ್ತೇ? ಮನೆಯಲ್ಲಿ ಮಾತಾಡದವನು ಅಲ್ಲಿ ಹಾಗೆ ಕೂಗುತ್ತಾನೆ ಎಂದು ಯಾರು ಊಹಿಸಬೇಕು? ಪ್ರಶ್ನೆ ಬೇಡ ಎಂದವಳು ನೀನು. ನಾನು ಬೇಡಿಕೊಂಡಿದ್ದೆ, ಅದೊಂದನ್ನು ಮುಟ್ಟಬೇಡ ಎಂದು.

ಏಪ್ರಿಲ್ 6

ಹಿಂದಿನ ಪತ್ರವನ್ನು ಓದಿದ್ದರೆ ಮರೆತುಬಿಡು. ಓದದಿದ್ದರೆ ಅಳಿಸಿಬಿಡು.

ನಿನ್ನೆ ಅಂಗಡಿಯಲ್ಲಿ ಒಬ್ಬಾಕೆಗೆ ಮಾತ್ರೆ ಕೊಡುವಾಗ ಆಗಿಬರುತ್ತದಾ ಎಂದು ಕೇಳಿದೆ. ಕೇಳಿದ ಮೇಲೆ ಮಾತ್ರೆಯನ್ನು ಕೈಯಲ್ಲೇ ಹಿಡಿದು ಕಪಾಟಿಗೆ ಒರಗಿದೆ. "ಯಾಕೆ ಸಾರ್, ಹುಷಾರಿಲ್ವಾ?" ಎಂದು ಆಕೆಯೇ ನನಗೆ ಕುರ್ಚಿ ಹಾಕಿದರು. ಆಕೆ ಯಾರೋ, ಎತ್ತಲವರೋ. ಗುರುತಿಲ್ಲದವರನ್ನೂ ದಿನಕ್ಕೆ ನೂರು ಸಲ ಕೇಳುವ ಬಾಯಿ ನನ್ನದು. ಅವತ್ತು ಒಂದು ಸಲ ಬಿಗಿದುಕೊಂಡೆ. ಅವನು ನಿನ್ನ ತಮ್ಮನಲ್ಲ, ಬೇರೆ ಯಾರೋ ಆಗಿದ್ದರೂ ಅದು ಮಾಡಬಾರದ ಕೆಲಸವೇ.

ಅವನು ಹೇಗಿದ್ದಾನೆ? ಅಷ್ಟು ಹೇಳು ಸಾಕು.

ಏಪ್ರಿಲ್ 21

ಮುಳ್ಳಪ್ಪನವರಿಗೆ,

ಕೇಳಿದ್ದೀರಿ, ಹೇಳುತ್ತೇನೆ. ಇಷ್ಟು ದಿನ ಬರೆಯಲಿಲ್ಲ, ಬರೆದರೆ ಎಲ್ಲವನ್ನೂ ಬರೆಯಬೇಕಾಗುತ್ತಿತ್ತು.

ನಾನು ಶಾಲೆಗೆ ಹೊರಡುತ್ತಿದ್ದೆ. ಒಂದು ಚಪ್ಪಲಿ ಮೆಟ್ಟಿ ಇನ್ನೊಂದನ್ನು ಹುಡುಕುತ್ತಿದ್ದೆ. ಅವನ ಕೋಣೆಯಲ್ಲಿ ತಟ್ಟೆ ಬಿದ್ದ ಹಾಗೆ ಸದ್ದಾಯಿತು. "ಏನೋ ಅದು?" ಎಂದು ಕೂಗಿದೆ. "ಏನಿಲ್ಲಕ್ಕಾ" ಎಂದ. ಆ ದನಿ ಕೇಳಿ ಒಂದೇ ಚಪ್ಪಲಿಯಲ್ಲಿ ಓಡಿದೆ. ಹೋಗಿ ನೋಡಿದರೆ ಮೇಜಿನ ಮೇಲೆ ಹಾಸಿದ್ದ ಬಿಳಿ ಬಟ್ಟೆಯನ್ನು ಕೈಗೆ ಸುತ್ತಿಕೊಂಡು ನಿಂತಿದ್ದ. ಬಟ್ಟೆ ಬಿಳಿಯಾಗಿ ಉಳಿದಿರಲಿಲ್ಲ. ಚಕ್ರಗಳು ಕೋಣೆಯ ತುಂಬ ಚೆಲ್ಲಿದ್ದವು. ಒಂದು ಇನ್ನೂ ಮಂಚದ ಕೆಳಗೆ ತಿರುಗುತ್ತಿತ್ತು.

ಹೆಬ್ಬೆರಳು ಮತ್ತು ತೋರುಬೆರಳಿನ ನರ ಕತ್ತರಿಸಿದೆ. ಜೋಡಿಸಿದ್ದಾರೆ. ಗಾಯ ಮಾಗುತ್ತದೆ, ಬೆರಳುಗಳು ಒಂದನ್ನೊಂದು ಮುಟ್ಟುವುದು ಕಷ್ಟ ಎಂದರು ಡಾಕ್ಟರು. ಆ ಎರಡು ಬೆರಳು ಮುಟ್ಟದಿದ್ದರೆ ಕತ್ತರಿ ಇಲ್ಲ. ಟೈಲರ್ ಅಂಗಡಿಯ ಯಜಮಾನರು ಮನೆಗೆ ಬಂದಿದ್ದರು. ಬಾಳೆಹಣ್ಣು ಮೇಜಿನ ಮೇಲಿಟ್ಟು, "ವಾಸಿಯಾಗ್ಲಿ, ಆಮೇಲೆ ನೋಡೋಣ," ಎಂದರು. ಹೋಗುವಾಗ ಅವನ ಕೈಯನ್ನೇ ನೋಡುತ್ತಿದ್ದರು. ಬೇರೆಯವರನ್ನು ಇಟ್ಟುಕೊಂಡಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದರು. ಅವರದೇನೂ ತಪ್ಪಿಲ್ಲ.

ಆಸ್ಪತ್ರೆಯಲ್ಲಿ ನನ್ನ ತಮ್ಮ ಒಂದು ಮಾತು ಕೇಳಿದ. ಅದನ್ನು ನಿಮಗೆ ಹೇಳಲೇಬೇಕು. "ಅಕ್ಕಾ, ಮುಳ್ಳಪ್ಪನವರು ನೋಡಿದ್ರಲ್ಲ. ಹಳೇದೆಲ್ಲ ಓದಿದ್ದೀನಿ, ಅವರು ಕೇಳದೇ ಯಾರನ್ನೂ ಬಿಟ್ಟೋರಲ್ಲ. ನನ್ನದನ್ನೂ ನೋಡಿ ಸೊಗಸಾಗಿದೆ ಅಂದ್ರು. ಅಂದ್ರೆ ಸ್ಪ್ರಿಂಗ್ ಇಳಿದಿತ್ತು ತಾನೇ? ಆಮೇಲೆ ನಾನೇ ಏನೋ ಎಡವಟ್ಟು ಮಾಡಿದೆ ಅನ್ಸುತ್ತೆ, ಅಲ್ವಾ?" ಅವನಿಗೆ ಅನುಮಾನವಿತ್ತಂತೆ. ಕೇಳೋಣ ಅಂದುಕೊಂಡಿದ್ದನಂತೆ. ನಿಮ್ಮ ಎರಡು ಪದ ನೋಡಿ ಧೈರ್ಯ ಮಾಡಿದ. ನಿಮ್ಮ ಪತ್ರದ ವಿಷಯ ಅವನಿಗೆ ಹೇಳಲಿಲ್ಲ. ಹೂಂ ಅಂದೆ.

ಇನ್ನು ನನ್ನದು. ಆ ಫೋಟೊವನ್ನು ನಾನೂ ನೋಡಿದ್ದೆ. ನೀವೇ ಕಲಿಸಿದ ಕಣ್ಣು ಇದು. ಸುರುಳಿ ಬಿಗಿದಿದ್ದು ಕಂಡಿತು. ನನ್ನ ಮಂಚಕ್ಕೂ ಅವನ ಮೇಜಿಗೂ ನಡುವೆ ಒಂದು ಗೋಡೆ. ಎದ್ದು ಹೋಗಿ, "ಲೋ, ಇಳಿಸಿದ್ಯಾ?" ಎನ್ನಬಹುದಿತ್ತು. ನಾನೇ ಬೇಡ ಎಂದ ಪ್ರಶ್ನೆಯನ್ನು ನಾನೇ ಕೇಳಿದರೆ ಅಕ್ಕನಿಗೆ ನಂಬಿಕೆಯಿಲ್ಲ ಅಂದುಕೊಂಡು ಅವನು ಮತ್ತೆ ಬಾಯಿ ಮುಚ್ಚಿಬಿಟ್ಟರೆ ಎಂದು ಹೆದರಿದೆ. ಗೋಡೆಯ ಈಚೆ ಕೂತು ಒಂದು ಹೃದಯ ಒತ್ತಿದೆ. ಮುಳ್ಳಪ್ಪಣ್ಣ ಇದ್ದಾರಲ್ಲ, ನಿಯಮಕ್ಕೆ ಉಗಿದು ಕೇಳೇ ಕೇಳುತ್ತಾರೆ, ಅಳಿಸಿದರೆ ಮತ್ತೆ ಕೇಳುತ್ತಾರೆ ಎಂದುಕೊಂಡು ಮಲಗಿದೆ. ಅಷ್ಟೂ ನಿಯಮ ಮಾಡಿದ್ದು ನೀವು ಮುರಿಯುತ್ತೀರಿ ಎಂಬ ಧೈರ್ಯದ ಮೇಲೆಯೇ.

ನೀವು ಮುರಿಯಲಿಲ್ಲ. ನಾನು ಅಳುತ್ತ ಬರಲಿ ಎಂದು ಕಾದಿರಿ.

ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ, ನಿಮ್ಮನ್ನು ಹೇಗೆ ಕ್ಷಮಿಸಲಿ? ಬಳಗದ ಕೆಲಸ ಬಿಟ್ಟಿದ್ದೇನೆ. ಹೊಸ ಹುರುಪಿನವರು ಮೂವರಿಗೆ ವಹಿಸಿದ್ದೇನೆ. ನನ್ನ ನಿಯಮ ಎಂದರೆ ಅವರಿಗೆ ಪ್ರಾಣ.

ಟೀಚರ್

ಮೇ 12

ತಂಗೀ,

ನಿನ್ನ ಪತ್ರ ಓದಿ ಮೂರು ವಾರವಾಯಿತು. ಬರೆಯಲು ಕೂತಾಗಲೆಲ್ಲ ಅದೇ ಬರುತ್ತದೆ: ಅವನು ನನ್ನನ್ನು ನಂಬಿದ್ದ. ಇಷ್ಟು ವರ್ಷ ಗೊಣಗಿ ಗೊಣಗಿ ಗಳಿಸಿದ್ದ ನಂಬಿಕೆಯನ್ನು ನಾನೇ ಅವನ ಕೈಮೇಲೆ ಬಿಟ್ಟೆ. ನಾಚಿಕೆ ಎನ್ನುವ ಪದ ಸಾಲದು.

ಬರುತ್ತೇನೆ ಎಂದರೆ ನೀನು ಬೇಡ ಅನ್ನುವೆ ಎಂದು ಗೊತ್ತು. ಕಾಲಿಗೆ ಬಿದ್ದರೆ ಅವನ ಬೆರಳು ಮಡಚಿಕೊಳ್ಳುತ್ತದೆಯೇ ಎಂದು ಕೇಳುವೆ. ಅದಕ್ಕೇ ಬರುವುದಿಲ್ಲ. ಬೆರಳಿನ ವ್ಯಾಯಾಮ ಬಿಡಿಸಬೇಡ. ನೋವೆಂದು ಬಿಟ್ಟವರ ಕೈ ಹಾಗೇ ನಿಂತುಹೋಗುವುದನ್ನು ಅಂಗಡಿಯಲ್ಲಿ ನೋಡಿದ್ದೇನೆ.

ಬಳಗದಲ್ಲಿ ಈಗ ಯಾರು ಫೋಟೊ ಹಾಕಿದರೂ ಕೇಳುತ್ತೇನೆ. ಹೊಸ ನಿರ್ವಾಹಕರು ಅಳಿಸುತ್ತಾರೆ. ಮತ್ತೆ ಕೇಳುತ್ತೇನೆ. 'ನಿಮ್ಮ ಮಾತು ಹೊಸಬರ ಉತ್ಸಾಹ ಕುಂದಿಸುತ್ತಿದೆ' ಎಂದು ಎರಡು ಎಚ್ಚರಿಕೆ ಬಂದಿವೆ. ಒಬ್ಬರಿಗೆ ಕಾರಣ ವಿವರಿಸಿ ಬರೆದೆ, ಒಬ್ಬರ ಕೈ ಹೋಗಿದೆ ಎಂದು. 'ಇಂಥ ಭಯಾನಕ ಕಥೆಗಳನ್ನು ಹರಡಬೇಡಿ' ಎಂದು ಉತ್ತರ ಕೊಟ್ಟರು, ಕೆಳಗೆ ನಗುಮುಖ ಹಾಕಿ.

ಅಣ್ಣ ಎಂದು ಕರೆಯಬೇಡ, ಪರವಾಗಿಲ್ಲ. ಅವನು ಮಾತಾಡುತ್ತಾನಾ?

ಮುಳ್ಳಪ್ಪ

ಆಗಸ್ಟ್ 3

ತಂಗೀ,

ನೀನು ಉತ್ತರಿಸುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಇದು ನನ್ನ ಸಲುವಾಗಿ ಅಲ್ಲ.

ಹೋದ ವಾರ ನನ್ನನ್ನು ಬಳಗದಿಂದ ತೆಗೆದರು. ಈಗ ನಾನೂ ಬಾಗಿಲ ಸಂದಿಯವನು, ನೋಡಬಹುದು, ಬರೆಯುವ ಹಾಗಿಲ್ಲ. ಅದು ಹೋಗಲಿ, ನನಗೆ ಅದೇ ಆಗಬೇಕಾದದ್ದು.

ಇವತ್ತು ಬೆಳಿಗ್ಗೆ ಒಬ್ಬ ಹೆಂಗಸು ಫೋಟೊ ಹಾಕಿದ್ದಾರೆ. ದೊಡ್ಡ ಯಂತ್ರ, ಎರಡು ಸ್ಪ್ರಿಂಗ್. ಎಡಗಡೆಯದು ಪೂರ್ತಿ ಬಿಗಿದಿದೆ. ಊಟವಾದ ಮೇಲೆ ಬಿಚ್ಚುತ್ತೇನೆ ಎಂದಿದ್ದಾರೆ. ಕೆಳಗೆ ಐವತ್ತು ಜನ ಚಪ್ಪಾಳೆ ತಟ್ಟಿದ್ದಾರೆ. ಆಕೆಯ ವಿಳಾಸ ನನ್ನ ಬಳಿ ಇಲ್ಲ. ಆ 'ಅರ್ಧಗಂಟೆ'ಗೂ ಬೇರೆಯಾಗಿ ಬರೆದೆ, ಅವನು ಇನ್ನೂ ನೋಡಿಲ್ಲ. ನೀನು ಫೋನ್ ಎತ್ತುತ್ತಿಲ್ಲ, ಆದರೆ ನಿನ್ನ ಹೆಸರು ಅಲ್ಲಿ ಇನ್ನೂ ಇದೆ. ನನ್ನ ಮೇಲೆ ಎಷ್ಟು ಸಿಟ್ಟಿದ್ದರೂ ಇರಲಿ, ಇದೊಂದು ಸಲ ಕೇಳು. ಈಗಲೇ ಕೇಳು.

ಆಗಸ್ಟ್ 7

ಕೇಳಿದ್ದಾಯಿತು. ಇಳಿಸಿರಲಿಲ್ಲವಂತೆ. ಆಮೇಲೆ ಇಳಿಸಿಯೇ ಬಿಚ್ಚಿದರಂತೆ.

ಕೇಳಿದ್ದು ನಾನಲ್ಲ, ತಮ್ಮ. ನಿಮ್ಮ ಪತ್ರ ಬಂದಾಗ ನಾನು ಶಾಲೆಯಲ್ಲಿದ್ದೆ, ಲ್ಯಾಪ್‌ಟಾಪ್ ಅವನ ಮುಂದಿತ್ತು. ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿ ಮೊದಲು ಆ ಹೆಂಗಸಿಗೆ ಪ್ರಶ್ನೆ ಬರೆದಿದ್ದಾನೆ. ಅವರು ಇಳಿಸಿದೆ ಎನ್ನುವವರೆಗೂ ಮೂರು ಸಲ ಕೇಳಿದ್ದಾನೆ. ಆಮೇಲೆ ಹಿಂದಿನ ಪತ್ರಗಳನ್ನೆಲ್ಲ ಓದಿದ್ದಾನೆ. ನಿಮ್ಮವನ್ನೂ, ನನ್ನವನ್ನೂ.

ನಾನು ಮನೆಗೆ ಬಂದಾಗ ಎಲ್ಲ ತೆರೆದೇ ಇತ್ತು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನಾನು ಬಾಗಿಲಲ್ಲಿ ನಿಂತು ಕರೆದೆ. ತಲೆ ಎತ್ತಲಿಲ್ಲ. ಅವತ್ತಿನಿಂದ ಊಟಕ್ಕೆ ಬಂದು ಕೂರುತ್ತಾನೆ, ಉಪ್ಪಿನ ಡಬ್ಬಿ ನಾನೇ ಹತ್ತಿರ ಸರಿಸುತ್ತೇನೆ.

ಇನ್ನು ನನಗೆ ಬರೆಯಬೇಡಿ.